ಪಡಸಾಲೆಯಲ್ಲಿ ಮತ್ತೆ ಆಡಿದ ಆಟ

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ 'ಗ್ರಾಚಾರ' ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ವಾರದ ಉಳಿದ ಆರು ದಿನ ಅಜ್ಜಿ ಆ ಮಾತನ್ನು ಧಾರಾಳವಾಗಿ ಬಳಸುತ್ತಿದ್ದಳು; ಹಾಲು ಒಡೆದರೂ ಗ್ರಾಚಾರ, ಎಮ್ಮೆ ಒದ್ದರೂ ಗ್ರಾಚಾರ. ಆದರೆ ಭಾನುವಾರ ಹುಣಸೂರಿನ ಫುಟ್ಬಾಲ್ ತಂಡದ ಹನ್ನೊಂದು ಜನ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಹಿಂದಿನ ದಿನ ಸಾಮಾನ್ಯವಾಗಿ ಸೋತಿರುತ್ತಿದ್ದರು. ಯಾಕೆ ಸೋತಿರಿ ಎಂದು ಅಪ್ಪ ಕೇಳಿದಾಗ ಗ್ರಾಚಾರ ಅಂದವನಿಗೆ ಅವತ್ತು ರೊಟ್ಟಿ ಎಲ್ಲರಿಗಿಂತ ಕೊನೆಗೆ ಸಿಗುತ್ತಿತ್ತು. ಅವ್ವನಿಗೆ ಅಪ್ಪ ಹಾಗೆಂದು ಹೇಳಿಟ್ಟಿದ್ದರು. ಅವ್ವ ಹೂಂ ಎಂದು ಒಪ್ಪಿಕೊಂಡು, ಅಂಥವನ ಎಲೆಗೆ ಹುಚ್ಚೆಳ್ಳು ಚಟ್ನಿಯನ್ನು ಒಂದು ಹಿಡಿ ಹೆಚ್ಚಾಗಿಯೇ ಹಾಕುತ್ತಿದ್ದಳು.

ಅಪ್ಪ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮೈಸೂರಿನಲ್ಲಿ ಓದುತ್ತಿದ್ದಾಗ ಫುಟ್ಬಾಲ್ ಆಡಿ ಬಲಗಾಲಿನ ಮಂಡಿ ಮುರಿದುಕೊಂಡಿದ್ದರು. ಆ ಕಾಲು ಆಮೇಲೆ ಪೂರ್ತಿ ಮಡಚಲೇ ಇಲ್ಲ. ಊಟಕ್ಕೆ ಕೂತಾಗಲೂ ಅದು ಎಲೆಯ ಪಕ್ಕಕ್ಕೆ ನೇರವಾಗಿ ಚಾಚಿಕೊಂಡಿರುತ್ತಿತ್ತು. ಅಪ್ಪನ ಕಾಲು ದಾಟಬಾರದು ಎಂದು ಅಜ್ಜಿ ಹೇಳುತ್ತಿದ್ದಳಾದ್ದರಿಂದ ನಾನೂ ಅಣ್ಣನೂ ಚಿಕ್ಕವರಿದ್ದಾಗ ಇಡೀ ಪಡಸಾಲೆಯನ್ನು ಸುತ್ತಿಕೊಂಡು ಓಡಾಡುತ್ತಿದ್ದೆವು. ನಮ್ಮದು ಲಕ್ಷ್ಮಣತೀರ್ಥದ ಹೊಳೆಗೆ ಇಳಿಯುವ ಬೀದಿಯಲ್ಲಿದ್ದ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳ ಪಡಸಾಲೆ, ಮೂಲೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಗಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ಬೀದಿಬಾಗಿಲವರೆಗೂ ಎಲ್ಲ ಕಾಣುತ್ತಿತ್ತು. ನನ್ನ ಬಾಲ್ಯದ ಮುಕ್ಕಾಲು ಭಾಗವನ್ನು ನಾನು ಆ ಹೊಸ್ತಿಲ ಮೇಲೆಯೇ ಕಳೆದೆ. ಹೊಸ್ತಿಲ ಮೇಲೆ ಕೂರಬಾರದು ಎಂದು ಅಜ್ಜಿ ದಿನಕ್ಕೆ ನಾಲ್ಕು ಸಲ ಎಬ್ಬಿಸುತ್ತಿದ್ದಳು, ನಾನು ಮತ್ತೆ ಕೂರುತ್ತಿದ್ದೆ.

ತಂಡ ಕಟ್ಟಿದ್ದು ಅಪ್ಪನೇ. ಚರ್ಮ ಹದ ಮಾಡುವ ಕಾರ್ಖಾನೆಯ ಖಾದರ್ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕು. ಟಿಂಬರ್ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ ಸಣ್ಣಯ್ಯ ಎಡಗಡೆಯ ಅಂಚಿನಲ್ಲಿ ಓಡುವವನು. ನನ್ನ ಅಣ್ಣ ನಂಜಪ್ಪ, ಎಲ್ಲರ ಬಾಯಲ್ಲಿ ನಂಜಣ್ಣ, ನಡುವೆ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡು. ಉಳಿದವರು ಸುತ್ತಮುತ್ತಲ ಒಕ್ಕಲು ಮಕ್ಕಳು, ಒಬ್ಬ ದರ್ಜಿ, ಒಬ್ಬ ಸೌದೆ ಗಾಡಿಯವನು. ಎಲ್ಲರದೂ ಬರಿಗಾಲು. ಶನಿವಾರ ಮಧ್ಯಾಹ್ನದ ಮೇಲೆ ಹೊಳೆಯಾಚೆಯ ಬಯಲಿನಲ್ಲಿ ಆಟ. ಪಿರಿಯಾಪಟ್ಟಣದವರು ಬರುತ್ತಿದ್ದರು, ಕೃಷ್ಣರಾಜನಗರದವರು ಬರುತ್ತಿದ್ದರು. ಅಜ್ಜಿಗೆ ಮಾತ್ರ ಆ ಊರು ಕೊನೆಯವರೆಗೂ ಹಳೆಯ ಹೆಸರಿನ ಎಡತೊರೆಯೇ. ಆಟ ಮುಗಿದ ಕೂಡಲೇ ಅಪ್ಪ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಿಸಿಬಿಸಿಯಲ್ಲಿ ಕೇಳಿದರೆ ಬೈಗುಳ ಬರುತ್ತದೆ, ನಿದ್ದೆ ಮಾಡಿ ಎದ್ದರೆ ಮಾತು ಬರುತ್ತದೆ ಎನ್ನುತ್ತಿದ್ದರು. ಹಾಗಾಗಿ ಭಾನುವಾರ.

ಮೊದಮೊದಲು ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಸಣ್ಣಯ್ಯ ಊರಾಚೆಯ ಕೇರಿಯವನು. ಅವನನ್ನು ಒಳಗೆ ಕರೆಯಲು ಅಜ್ಜಿ ಒಪ್ಪಲಿಲ್ಲ. ಅವನು ಬಾರದ ಕಡೆಗೆ ತಂಡ ಬರುವುದಿಲ್ಲ ಎಂದು ಅಪ್ಪ ತಾವೂ ಜಗಲಿಗೇ ಹೋಗಿ, ಅಲ್ಲೇ ಎಲೆ ಹಾಕಿಸಿಕೊಂಡು ಉಣ್ಣತೊಡಗಿದರು. ತಾಯಿ ಮಗ ಎರಡು ತಿಂಗಳು ಹಾಗೇ ಹಟ ಹಿಡಿದರು. ಒಂದು ಭಾನುವಾರ ಆಷಾಢದ ಗಾಳಿಮಳೆ ಜಗಲಿಗೆ ಎರಚಲು ಹೊಡೆಯಿತು. ಹಿಂದಿನ ದಿನದ ಆಟವನ್ನು ತೋರಿಸಲು ಸೀಮೆಸುಣ್ಣದಲ್ಲಿ ಬರೆದ ಬಯಲಿನ ಚೌಕ ಅಳಿಸಿಹೋಗುತ್ತಿತ್ತು, ಅದರ ಮೇಲೆ ಜೋಡಿಸಿದ ಹುಣಸೆಬೀಜಗಳು ತೊಯ್ಯುತ್ತಿದ್ದವು. ಅಜ್ಜಿ ಬಾಗಿಲಿಗೆ ಬಂದು ನೋಡಿದಳು.

“ಬೀಜ ನೆಂದೋಯ್ತವೆ. ಒಳೀಕ್ ಬನ್ರಲಾ.”

ಯಾರೂ ಏಳಲಿಲ್ಲ.

“ಎಲ್ರೂವೆ ಅಂದೆ ಕಣ್ರಲಾ.”

ಅವತ್ತು ಅವರೆಲ್ಲ ಹೋದ ಮೇಲೆ ಅಜ್ಜಿ ಪಡಸಾಲೆಗೆ ನಾಲ್ಕು ಕೊಡ ನೀರು ಹುಯ್ದು ತೊಳೆದಳು. ಮುಂದಿನ ವಾರ ಎರಡು ಕೊಡ. ಆಮೇಲೆ ತೊಳೆಯುವುದನ್ನು ಮರೆತಳೋ, ಬಿಟ್ಟಳೋ, ನಾನು ಕೇಳಲಿಲ್ಲ.

ಬೀಜದ ಆಟ ಹೀಗೆ. ಎದುರಾಳಿಗಳಿಗೆ ಕರೀ ಬೀಜ. ನಮ್ಮವರಿಗೆ, ಚೌಕಾಬಾರಕ್ಕೆ ಮಾಡುವಂತೆ, ಕಲ್ಲಿಗೆ ಉಜ್ಜಿ ಬಿಳಿ ಕಾಣಿಸಿದ ಬೀಜ. ನಮಗೆ ಗೋಲು ಬಿದ್ದ ಗಳಿಗೆಯಲ್ಲಿ ತಾನೆಲ್ಲಿದ್ದೆ ಎಂದು ಒಬ್ಬೊಬ್ಬರೂ ತಮ್ಮ ಬೀಜವನ್ನು ತಾವೇ ಇಡಬೇಕು. ಮೊದಲ ಕೆಲವು ವಾರ ಯಾರಿಗೂ ಏನೂ ನೆನಪಿರಲಿಲ್ಲ. ಆಮೇಲೆ ನೆನಪಿಗೆ ಬದಲು ಸುಳ್ಳು ಬಂತು; ಎಲ್ಲರೂ ತಾವು ಇರಬೇಕಾದ ಕಡೆಯೇ ಇದ್ದರು. ಒಂದು ಸಲ ಹನ್ನೊಂದು ಬಿಳಿ ಬೀಜಗಳೂ ಎಷ್ಟು ಚೆನ್ನಾಗಿ ಕೂತವೆಂದರೆ ಗೋಲು ಬೀಳಲು ದಾರಿಯೇ ಇರಲಿಲ್ಲ. ಅಪ್ಪ ಅದನ್ನೇ ನೋಡುತ್ತಾ ಕೂತಿದ್ದು, “ಅಂಗಾದ್ರೆ ಗೋಲು ಹೊಡ್ದೋರು ಯಾರಪ್ಪಾ? ಗಾಳಿನಾ?” ಎಂದರು. ಎಲ್ಲರೂ ನಕ್ಕರು. ಆ ನಗುವಿನ ನಂತರ ಒಬ್ಬ ಮೆಲ್ಲಗೆ ತನ್ನ ಬೀಜವನ್ನು ಒಂದು ಗೇಣು ಸರಿಸಿದ, ಇನ್ನೊಬ್ಬ ಸರಿಸಿದ, ನಿಜ ಬರತೊಡಗಿತು.

“ನೀನೇನ್ ಮಾಡ್ದೆ ಅಂತ ಕೇಳ್ಲಿಲ್ಲ ಖಾದರ್. ಆವಾಗ ಯಾವ ಕಡೆ ನೋಡ್ತಿದ್ದೆ, ಅದನ್ನ ಹೇಳು.”

“ಚೆಂಡು ನೋಡ್ತಿದ್ದೆ ಮೇಷ್ಟ್ರೇ. ಇನ್ನೇನು ನೋಡೋದು, ಬಯಸ್ಕೋಪಾ?”

“ಹನ್ನೊಂದು ಜನಾನೂ ಚೆಂಡನ್ನೇ ನೋಡ್ತಿದ್ರೆ ಮಿಕ್ಕಿದ ಬಯಲನ್ನ ಯಾರು ನೋಡ್ಬೇಕು?”

ಮುಂದಿನ ಶನಿವಾರ ಆಟದ ನಡುವೆ ಖಾದರ್ ಎರಡು ಮೂರು ಸಲ ಹಿಂದಕ್ಕೆ ತಿರುಗಿ ನೋಡಿದನಂತೆ. ಊರವರು ಅವನಿಗೆ ಕತ್ತು ಹಿಡಿದುಕೊಂಡಿದೆ ಎಂದುಕೊಂಡರಂತೆ. ವರ್ಷ ಒಂದೂವರೆ ಕಳೆಯುವಷ್ಟರಲ್ಲಿ ಅವರ ಮಾತೇ ಬೇರೆಯಾಯಿತು. ಅವನು ಬಲಕ್ಕೆ ಬಂದರೆ ನಾನು ಹೋಗೋದಿಲ್ಲ, ನೀನು ಹೋಗು. ನಾನು ಹೋದರೆ ನನ್ನ ಜಾಗ ಯಾರು ನೋಡ್ತಾರೆ, ಮೊದಲು ಅದನ್ನ ಹೇಳು. ಒಂದು ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಬರುವುದು ತಡವಾಯಿತು. ಅಷ್ಟರಲ್ಲಿ ಅವರೇ ಚೌಕ ಬರೆದು, ಬೀಜ ಇಟ್ಟು, ಜೋರುಜೋರಾಗಿ ವಾದ ಮಾಡುತ್ತಿದ್ದರು. ಅಪ್ಪ ಒದ್ದೆ ಪಂಚೆಯಲ್ಲಿ ಕಂಬದ ಹಿಂದೆ ನಿಂತು ಕೇಳಿದರು, ಮುಂದಕ್ಕೆ ಬರಲಿಲ್ಲ. ಹೊಸ್ತಿಲ ಮೇಲಿದ್ದ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಆ ಮನೆ ಈಗ ಇಲ್ಲ, ಅವರಲ್ಲಿ ಒಬ್ಬರೂ ಇಲ್ಲ. ರೊಟ್ಟಿಯ ಹೆಂಚಿನ ಹೊಗೆ, ತೊಟ್ಟಿಯಲ್ಲಿ ಬಿದ್ದ ಎಳೆ ಬಿಸಿಲು, ಹತ್ತು ಜನ ಒಟ್ಟಿಗೆ ಮಾತಾಡುತ್ತಿದ್ದ ಆ ಗದ್ದಲ. ಇದೊಂದು ಬೆಳಗನ್ನು ವಾಪಸ್ಸು ಕೊಡುತ್ತೇವೆಂದರೆ ನಾನು ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟೇನು.

ಆ ಗದ್ದಲಕ್ಕೆ ಸೇರದವನು ಒಬ್ಬನೇ, ನಮ್ಮಣ್ಣ. ಅವನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಮೂವರು ನಾಲ್ವರನ್ನು ಒಬ್ಬನೇ ದಾಟಿಕೊಂಡು ಹೋಗುತ್ತಿದ್ದ. ಬಯಲಿನ ಸುತ್ತ ನಿಂತ ಊರು ಅವನ ಹೆಸರನ್ನೊಂದೇ ಕೂಗುತ್ತಿತ್ತು. ಚಿಕ್ಕವಳಿದ್ದಾಗ ನಾನೂ ಅಪ್ಪನ ಪಕ್ಕ ಕೂತು ಗಂಟಲು ಹರಿಯುವಂತೆ ಕೂಗಿದ್ದೇನೆ. ಬೀಜ ಇಡುವುದೆಂದರೆ ಅವನಿಗೆ ಆಗದು. ಅವನ ಬೀಜವನ್ನು ಬೇರೆ ಯಾರಾದರೂ ಇಡುತ್ತಿದ್ದರು, ಅವನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದ.

“ಕಾಲಿಗೆ ಗೊತ್ತಿರೋದ್ನ ಬಾಯಲ್ಲಿ ಯಾಕಪ್ಪ ಹೇಳಿಸ್ತೀರಿ?” ಎನ್ನುತ್ತಿದ್ದ.

“ಕಾಲು ಮುರಿದ್ರೆ ಆಮೇಲೆ ಬಾಯೇ ಗತಿ ಕಣೋ,” ಎನ್ನುತ್ತಿದ್ದರು ಅಪ್ಪ. ಹೀಗೆ ಶುರುವಾದದ್ದು ಊಟದ ಎಲೆಯವರೆಗೂ ಎಳೆದು, ಒಬ್ಬರ ಮುದ್ದೆ ಆರಿ, ಇನ್ನೊಬ್ಬರು ಅರ್ಧಕ್ಕೆ ಎದ್ದು ಮುಗಿಯುತ್ತಿತ್ತು.

ನಾನು ದೊಡ್ಡವಳಾದ ಮೇಲೆ ಬಯಲಿಗೆ ಹೋಗುವುದು ನಿಂತಿತು. ಶನಿವಾರ ಮಧ್ಯಾಹ್ನ ಹೊಳೆಯಾಚೆಯಿಂದ ಕೂಗು ಮಾತ್ರ ಗಾಳಿಯಲ್ಲಿ ಬರುತ್ತಿತ್ತು. ಆ ಕೂಗು ಗೋಲಿನದೋ, ತಪ್ಪಿದ್ದೋ, ಯಾರದೋ, ತಿಳಿಯದೆ ನಾನು ಹಿತ್ತಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಹಾಗಾಗಿ ಭಾನುವಾರ ನನಗೆ ಕೇಳಿದಷ್ಟೂ ಸಾಲುತ್ತಿರಲಿಲ್ಲ. ಹೊಸ್ತಿಲಿಂದಲೇ ಕೇಳಲು ಶುರುಮಾಡಿದೆ. ಆವಾಗ ಬಿಸಿಲು ಯಾರ ಮುಖಕ್ಕಿತ್ತು? ಖಾದರಣ್ಣ ಎಡಕ್ಕೆ ಬಂದಿದ್ದರೆ ಬಲಕ್ಕೆ ಯಾರಿದ್ದರು? ಇಬ್ಬರು ಬೇರೆಬೇರೆ ಹೇಳುತ್ತೀರಲ್ಲ, ಮೂರನೆಯವರು ಯಾರು ನೋಡಿದ್ದು? ಆಟ ನೋಡಿದವರು ಕೇಳುವ ಪ್ರಶ್ನೆಗಳಲ್ಲ ಅವು, ನೋಡಲು ಸಿಗದವಳು ಕೇಳುವ ಪ್ರಶ್ನೆಗಳು. ಮುಂದೆ ನಾನೂ ಮೇಷ್ಟ್ರಾದೆ. ತಪ್ಪು ಲೆಕ್ಕ ಮಾಡಿದ ಮಗುವಿಗೆ ಸರಿ ಉತ್ತರ ಹೇಳುವ ಮೊದಲು, ಎಲ್ಲಿವರೆಗೆ ಬಂದೆ, ಅಲ್ಲಿ ಏನು ಕಂಡಿತು ಎಂದು ಕೇಳುವುದನ್ನು ನಾನು ಯಾವ ಟ್ರೇನಿಂಗಿನಲ್ಲೂ ಕಲಿಯಲಿಲ್ಲ.

ಕೃಷ್ಣರಾಜನಗರದವರ ಎದುರು ಆ ವರ್ಷ ಎರಡು ಸಲ ಸೋತಿದ್ದೆವು. ಮೂರನೆಯದು, ಆ ವರ್ಷದ ಕೊನೆಯ ಆಟ, ಅವರ ಊರಿನಲ್ಲಿ ಇತ್ತು. ಅದಕ್ಕೆ ಮೂರು ವಾರ ಮುಂಚೆ ಒಂದು ಭಾನುವಾರ, ಹಿಂದಿನ ಎರಡೂ ಆಟಗಳ ಐದು ಗೋಲುಗಳನ್ನು ಅಪ್ಪ ಒಂದೊಂದಾಗಿ ಇಡಿಸುತ್ತಿದ್ದರು. ಐದನೆಯದು ಮುಗಿದಾಗ ನನಗೆ ಏನೋ ಹೊಳೆಯಿತು.

“ಗೋಲು ಬೀಳೋಕೆ ಮುಂಚೆ, ಅವ್ರ ಕಾಲಿಗೆ ಚೆಂಡು ಹೋಗೋಕೆ ಮುಂಚೆ, ಅದು ಯಾರ ಹತ್ರ ಇತ್ತು?” ಎಂದೆ.

ಐದಕ್ಕೂ ಒಂದೇ ಉತ್ತರ ಬಂತು. ನಂಜಣ್ಣನ ಹತ್ತಿರ.

“ಆವಾಗ ನೀವು ಮುಂದಕ್ಕೆ ಬಂದಿದ್ರಲ್ಲ ಖಾದರಣ್ಣ, ಯಾಕೆ?”

ಖಾದರ್ ತಲೆ ಕೆರೆದುಕೊಂಡ. “ನೋಡಕ್ಕೆ ಕಣವ್ವ. ನಂಜಣ್ಣ ಆಡೋದ್ನ ನೋಡಕ್ಕೆ.”

ನಾನು ಹೊಸ್ತಿಲು ಬಿಟ್ಟು ಎದ್ದುಬಂದು ನೆಲದ ಮೇಲೆ ಕೂತೆ. ಬಿಳಿ ಬೀಜಗಳೆಲ್ಲ ಅಣ್ಣನ ಬೀಜದ ಕಡೆಗೆ ವಾಲಿಕೊಂಡಿದ್ದವು. ಅವುಗಳ ಹಿಂದೆ ಬಯಲು ಬರಿದಾಗಿತ್ತು. ದೂರ ಎಡ ಅಂಚಿನಲ್ಲಿ ಸಣ್ಣಯ್ಯನ ಬೀಜ ಒಂದೇ ಇತ್ತು. ಇದೊಂದನ್ನ ಬಿಟ್ಟು ಎಂದು ಅದನ್ನು ಲೆಕ್ಕದಿಂದ ತೆಗೆದು ಪಕ್ಕಕ್ಕಿಟ್ಟೆ.

“ಅಣ್ಣನ ಕಾಲಿಗೆ ಚೆಂಡು ಬಂದ ಕೂಡ್ಲೆ ನಮ್ಮೋರು ಆಡೋದ ಬುಟ್ಟು ನೋಡೋರಾಗ್ಬುಡ್ತಾರೆ. ಅವನ ಕಾಲಿಂದ ಅದು ತಪ್ಪಿದ್ರೆ ಹಿಂದೆ ಯಾರೂ ಇಲ್ಲ.”

ಅಪ್ಪ ತಮ್ಮ ನೆಟ್ಟನೆ ಕಾಲಿನ ಮೇಲೆ ಪಟ್ಟನೆ ಹೊಡೆದುಕೊಂಡರು. “ಬಿಡಿಸ್ಬುಟ್ಟೆ ಕಣವ್ವ ಲೆಕ್ಕನ!” ಹೆಮ್ಮೆಯಿಂದ ನನ್ನ ಮೈ ಬೆಚ್ಚಗಾಯಿತು. ತಲೆಯೆತ್ತಿದಾಗ ಅಣ್ಣ ಕಣ್ಣು ಬಿಟ್ಟಿದ್ದ. ನನ್ನನ್ನೇ ನೋಡುತ್ತಿದ್ದ.

“ನಾನೇ ಇಲ್ದಿದ್ರೆ ಗೆಲ್ತೀರಿ ಅನ್ನಿ ಅಂಗಾರೆ,” ಎಂದ. ರೊಟ್ಟಿ ಮುರಿದಿದ್ದನ್ನು ಹಾಗೇ ಬಿಟ್ಟು ಹೊಳೆಯ ಕಡೆಗೆ ಇಳಿದುಹೋದ.

ಅವತ್ತಿನಿಂದ ಅವನು ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಎಲ್ಲರ ಜೊತೆ ಕೂರದೆ ಹಿತ್ತಲಿನ ಕಲ್ಲಿನ ಮೇಲೆ ಕೂತ; ಅವ್ವ ತಟ್ಟೆಯನ್ನು ಅಲ್ಲಿಗೇ ತೆಗೆದುಕೊಂಡು ಹೋಗುತ್ತಿದ್ದಳು. ಅಪ್ಪ, ನಿಜ ಹೇಳಿದರೆ ಯಾರೂ ಕೋಪ ಮಾಡಿಕೊಳ್ಳಬಾರದು ಎಂದು ಹೇಳುತ್ತಲೇ ಇದ್ದರು. ಯಾವತ್ತೂ ಅಪ್ಪನಿಗೆ ಎದುರಾಡದ ಅವ್ವ ಒಂದು ದಿನ ಸಾರಿನ ಪಾತ್ರೆಯನ್ನು ಕುಕ್ಕಿ ಇಟ್ಟಳು.

“ಮಗನ್ನೂ ಬೀಜ ಮಾಡಿ ನೆಲದ ಮೇಲೆ ಇಟ್ಬುಟ್ರಲ್ಲ,” ಎಂದಳು. ಅಪ್ಪ ತಲೆ ಬಗ್ಗಿಸಿ ಉಂಡರು. ನನಗೆ ಅವ್ವ ಏನೂ ಹೇಳಲಿಲ್ಲ. ಅಂದಿದ್ದರೆ ಸರಿಹೋಗುತ್ತಿತ್ತು.

ಕೃಷ್ಣರಾಜನಗರದ ಆಟಕ್ಕೆ ಅಣ್ಣ ಹೋದ. ಬಾಡಿಗೆ ಮೋಟಾರಿನಲ್ಲಿ ಎಲ್ಲರೂ ಹೋಗಿ, ಗೆದ್ದು ಬಂದರು. ಮರುದಿನ ಖಾದರ್ ನಮ್ಮ ಪಡಸಾಲೆಯಲ್ಲಿ ಎದ್ದು ನಿಂತೇ ಅದನ್ನು ಹೇಳಿದ. ಅಣ್ಣ ಚೆಂಡು ಹಿಡಿದುಕೊಂಡು ಬಲಗಡೆಗೇ ಬಲಗಡೆಗೇ ಹೋದನಂತೆ. ಎದುರಾಳಿಗಳು ನಾಲ್ವರು ಅವನ ಬೆನ್ನು ಹತ್ತಿದರಂತೆ. ಅಲ್ಲಿ ಚೆಂಡಿನ ಮೇಲೆ ಕಾಲಿಟ್ಟು ಒಂದು ಗಳಿಗೆ ಸುಮ್ಮನೆ ನಿಂತು, ತಿರುಗಿಯೂ ನೋಡದೆ ದೂರದ ಎಡಕ್ಕೆ ಒದ್ದನಂತೆ. ಅಲ್ಲಿ ಸಣ್ಣಯ್ಯನ ಮುಂದೆ ಗೋಲು ಕಾಯುವವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹಾಗೆ ಎರಡು ಸಲ, ಎರಡು ಗೋಲು. ನಮ್ಮವರೂ ಅವತ್ತು ಜಾಗ ಬಿಟ್ಟು ಮುಂದಕ್ಕೆ ಬರಲಿಲ್ಲ. ಅಣ್ಣ ಒಂದೂ ಗೋಲು ಹೊಡೆಯಲಿಲ್ಲ. ಖಾದರ್ ಹೇಳುತ್ತಿರುವಾಗ ಅಪ್ಪ ಮತ್ತೆ ಮತ್ತೆ ಬೀದಿಬಾಗಿಲ ಕಡೆ ನೋಡುತ್ತಿದ್ದರು. ಅಣ್ಣ ಬರಲಿಲ್ಲ. ಸಂತೆಯಲ್ಲಿ ಜನ, ನಂಜಣ್ಣನ ಆಟ ಬಿದ್ದುಹೋಯಿತು, ಸಣ್ಣಯ್ಯನದು ಕುರುಡು ಅದೃಷ್ಟ ಎಂದು ಮಾತಾಡಿಕೊಂಡರು.

ತಿಂಗಳು ತುಂಬುವುದರೊಳಗೆ ಅಣ್ಣ ಹೆಗ್ಗಡದೇವನಕೋಟೆಯ ಕಡೆ ಕಾಡಿನಲ್ಲಿ ಗಾರ್ಡಿನ ಕೆಲಸ ಹಿಡಿದ. ಹೊರಡುವ ದಿನ ಬೆಳಿಗ್ಗೆ ಅಪ್ಪನ ಕಾಲಿಗೆ ಬಿದ್ದ, ಅಜ್ಜಿಯ ಕಾಲಿಗೆ ಬಿದ್ದ, ಅವ್ವನಿಗೆ “ಬತ್ತೀನಿ” ಎಂದ. ಗಾಡಿ ಹತ್ತಿದ ಮೇಲೆ ನನ್ನ ಕಡೆ ನೋಡಿದ. ಬಾಯಿ ತೆರೆದ ಹಾಗಿತ್ತು. ಗಾಡಿಯವನು ಎತ್ತುಗಳನ್ನು ಹೊಡೆದ.

ಭಾನುವಾರಗಳು ನಡೆದವು. ಜನ ಬರುತ್ತಿದ್ದರು, ಬೀಜ ಇಡುತ್ತಿದ್ದರು. ಅಣ್ಣ ಒರಗುತ್ತಿದ್ದ ಕಂಬಕ್ಕೆ ಬೇರೆ ಯಾರೂ ಒರಗುತ್ತಿರಲಿಲ್ಲ. ಅವ್ವ ಮರೆತು ಅವನ ಪಾಲಿನ ರೊಟ್ಟಿಯನ್ನೂ ತಟ್ಟಿಬಿಡುತ್ತಿದ್ದಳು. ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದೆ. ಅಪ್ಪ ಒಂದೆರಡು ಸಲ ಹೊಸ್ತಿಲ ಕಡೆ ತಿರುಗಿ ಕಾದು, ಮುಂದಿನ ಬೀಜಕ್ಕೆ ಹೋದರು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆತಂದರು. ಕಾಡಿನ ಚಳಿಜ್ವರ. ಮುಖ ಹಳದಿಗಟ್ಟಿತ್ತು, ಓಡಿದ ಕಾಲುಗಳು ಕಡ್ಡಿಯಾಗಿದ್ದವು. ಆಸ್ಪತ್ರೆಯಿಂದ ಡಾಕ್ಟರು ಬಂದು ಕ್ವಿನೈನ್ ಕೊಟ್ಟರು. ಬೆಳಕಿರಲಿ ಎಂದು ಪಡಸಾಲೆಯಲ್ಲೇ ಹಾಸಿಗೆ ಹಾಕಿದೆವು. ಜ್ವರ ಒಂದು ದಿನ ಬರುತ್ತಿತ್ತು, ಒಂದು ದಿನ ಬಿಡುತ್ತಿತ್ತು. ಬಿಟ್ಟ ದಿನ ಅವನು ಗಂಜಿ ಕುಡಿದು, ತೊಟ್ಟಿಯ ಆಕಾಶವನ್ನು ನೋಡುತ್ತಾ ಮಲಗಿರುತ್ತಿದ್ದ. ಅಂಥದೊಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

“ಪುಟ್ಟವ್ವ,” ಎಂದ. ಒಂದು ವರ್ಷದ ಮೇಲೆ ಅವನ ಬಾಯಿಂದ ನನ್ನ ಹೆಸರು ಕೇಳಿದೆ. “ಅವತ್ತು ನೀ ಹೇಳಿದ್ದು ಸರಿ ಕಣವ್ವ. ಒಂದೇ ಒಂದು ತಪ್ಪಿತ್ತು.”

“ಏನಣ್ಣ?”

“ಎಲ್ರೂ ನನ್ನೇ ನೋಡ್ತಾರೆ ಅಂದ್ಯಲ್ಲ. ಅದು ಸುಳ್ಳು ಅಂತ ನಿಂಗೆ ತೋರ್ಸಕ್ಕೆ ಆ ಕೊನೇ ಆಟದಲ್ಲಿ ನಾನು ಆಡ್ತಾ ಆಡ್ತಾನೇ ನೋಡ್ದೆ. ಎದುರಿನೋರು ನೋಡ್ತಿದ್ರು, ನಮ್ಮೋರೂ ನೋಡ್ತಿದ್ರು. ಸಣ್ಣಯ್ಯ ಒಬ್ನೇ ನನ್ನ ನೋಡ್ತಿರ್ನಿಲ್ಲ. ಖಾಲಿ ಜಾಗಕ್ಕೆ ಓಡ್ತಿದ್ದ. ಅವತ್ತು ಮಾತ್ರ ಅಲ್ಲ, ಯಾವಾಗ್ಲೂ ಓಡ್ತಿದ್ದ. ನಂಗೆ ಕಾಣ್ತಿತ್ತು.”

“ಕಾಣ್ತಿದ್ರೆ ಚೆಂಡು ಯಾಕೆ ಕೊಡ್ತಿರ್ಲಿಲ್ಲ?”

ಅವನು ಒಂದು ಅವರೆಕಾಯಿ ತೆಗೆದುಕೊಂಡು ಬೆರಳಲ್ಲಿ ಉರುಳಿಸಿದ.

“ಅಪ್ಪ ಇಷ್ಟು ವರ್ಸ ಕೇಳಿದ್ರಲ್ಲ, ಇದೊಂದ್ನ ಕೇಳ್ನಿಲ್ಲ ನೋಡು. ಅವನು ಗೋಲು ಹೊಡ್ದಿದ್ರೆ ಊರು ಅವನ ಹೆಸ್ರು ಕೂಗ್ಬೇಕಾಗಿತ್ತು. ಅವನ ಹೆಸ್ರ. ಅದು ನಂಗೆ ಬೇಡ್ವಾಗಿತ್ತು.”

ನಾನು ಆ ಒಂಟಿ ಬೀಜವನ್ನು ನನ್ನ ಕೈಯಾರೆ ತೆಗೆದು ಪಕ್ಕಕ್ಕಿಟ್ಟಿದ್ದೆ. ಐದು ಗೋಲಿಗೂ ಅದು ಅಲ್ಲೇ ಇತ್ತು, ನಾವೆಲ್ಲ ಅದನ್ನು ನೋಡಿದ್ದೆವು. ಸಣ್ಣಯ್ಯನನ್ನು ಕರೆಸು ಎಂದ ಅಣ್ಣ. ಡಿಪೋಗೆ ಹೇಳಿಕಳಿಸಿದೆ. ಸಣ್ಣಯ್ಯ ಹೆಗಲಿನ ಮೇಲೆ ದಿಮ್ಮಿಯ ಧೂಳಿನೊಂದಿಗೇ ಬಂದು, ತೊಟ್ಟಿಯಲ್ಲಿ ಕಾಲು ತೊಳೆದು, ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನನಗೆ ಹೇಳಿದ್ದನ್ನೇ ಅಣ್ಣ ಅವನಿಗೂ ಹೇಳಿದ, ಒಂದು ಮಾತೂ ಬಿಡದೆ.

“ಗೊತ್ತಿತ್ತು ನಂಜಣ್ಣೋರೆ,” ಎಂದ ಸಣ್ಣಯ್ಯ.

“ಗೊತ್ತಿದ್ದೂ ಯಾಕ್ಲಾ ಪ್ರತಿ ಸಲ ಅಂಗೆ ಓಡ್ತಿದ್ದೆ?”

“ನಿಂತ್ಕಂಡಿದ್ರೆ, ನೀವು ಕೊಡೋ ದಿನ ನಾನಲ್ಲಿ ಇರ್ತಿರ್ನಿಲ್ವಲ್ಲ. ಓಡೋವಾಗ ನಿಮ್ಗೆ ಬೈಕಂಡೇ ಓಡ್ತಿದ್ದೆ ಬುಡಿ. ಮನ್ಸಲ್ಲಿ ಬೈದಿದ್ನೆಲ್ಲ ಬರ್ದಿಟ್ಟಿದ್ರೆ ಮೇಷ್ಟ್ರು ಓದೋವಷ್ಟು ದಪ್ಪ ಪುಸ್ತಕ ಆಗೋದು.”

ಅಣ್ಣ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ಅವನ ಮುಖದಲ್ಲಿ ನಗು ಇತ್ತು. ಸ್ಕೂಲಿನಿಂದ ಬಂದ ಅಪ್ಪ ಬೀದಿಬಾಗಿಲ ಒಳಗೆ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮೆಲ್ಲಗೆ ನಡೆದು ಬಂದು, ಗೋಡೆ ಹಿಡಿದು, ಸಣ್ಣಯ್ಯನ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಸಣ್ಣಯ್ಯ, ನಾನು ಕೇಳಿದ್ದಕ್ಕೆಲ್ಲ ನೀನು ಉತ್ತರ ಹೇಳ್ದೆ. ನಾನು ಕೇಳ್ದೆ ಇರೋದು ಏನೇನಿದೆ, ಹೇಳಪ್ಪ.”

“ಈಗ್ಲಾ ಮೇಷ್ಟ್ರೇ?”

“ಈಗ್ಲೇ. ನಂಜನೂ ಕೇಳ್ಲಿ.”

ಸಣ್ಣಯ್ಯ ಟವಲಿನಿಂದ ಮುಖ ಒರೆಸಿಕೊಂಡು ಮೊದಲ ವರ್ಷದ ಮೊದಲ ಆಟದಿಂದ ಶುರುಮಾಡಿದ. ಯಾರು ಚೆಂಡು ಕೊಟ್ಟರು, ಯಾರು ಕೊಡಲಿಲ್ಲ, ಕೊಡದವರು ಆಮೇಲೆ ಎತ್ತ ನೋಡಿದರು, ಬಾಯಾರಿದಾಗ ನೀರಿನ ತಂಬಿಗೆ ಯಾರ ಕೈಯಲ್ಲಿ ನಿಂತುಹೋಯಿತು. ಸಿಟ್ಟಿಲ್ಲದೆ ಹೇಳಿದ, ಯಾವ ಹೆಸರನ್ನೂ ಬಿಡದೆ ಹೇಳಿದ. ಅವ್ವ ಅಡುಗೆಮನೆಯಿಂದ ಬಂದು ನಿಂತಳು. ಅಜ್ಜಿ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅಣ್ಣ ಕಣ್ಣು ಮುಚ್ಚಿ ಕೇಳುತ್ತಾ, ಒಂದೆರಡು ಕಡೆ “ಅದು ನಿಜ” ಎಂದ. ಬಿಸಿಲು ತೊಟ್ಟಿ ಬಿಟ್ಟು ಸೂರಿಗೆ ಏರಿತು. ಎರಡನೆಯ ವರ್ಷದ ಆಟಗಳು ಅರ್ಧವಾಗುವಾಗ ಅಣ್ಣನಿಗೆ ನಿದ್ದೆ ಹತ್ತಿತು. ಸಣ್ಣಯ್ಯ ಅಷ್ಟಕ್ಕೆ ನಿಲ್ಲಿಸಿ ಎದ್ದ. ನಾಳೆ ಜ್ವರ ಬರುತ್ತದೆ, ನಾಳಿದ್ದು ಬಿಟ್ಟಾಗ ಬಂದು ಮಿಕ್ಕಿದ್ದು ಹೇಳುತ್ತೇನೆ ಎಂದು ಹೋದ.

ಮರುದಿನ ಬಂದ ಜ್ವರ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ಹೋದ. ಸಣ್ಣಯ್ಯ ಮಣ್ಣಿಗೆ ಬಂದ, ಹನ್ನೊಂದನೆಯ ದಿನಕ್ಕೂ ಬಂದ, ಅಪ್ಪನ ಪಕ್ಕದಲ್ಲಿ ತುಂಬ ಹೊತ್ತು ಕೂತಿದ್ದ. ಮಿಕ್ಕಿದ್ದನ್ನು ಅವನು ಹೇಳಲಿಲ್ಲ. ಹೇಳು ಎಂದು ಕೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.